ಕೊಪ್ಪದ ಬೆಲ್ಲಕ್ಕೆ ಎಷ್ಟು ಗಂಟೆಯ ಪೋಸ್ಟ್?

ವ್ಯಾಪಾರಕ್ಕೆಂದು ಇನ್‌ಸ್ಟಾಗ್ರಾಂ ಪೇಜು ತೆರೆದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ: ‘ಎಷ್ಟು ಗಂಟೆಗೆ ಹಾಕಿದ್ರೆ ಜಾಸ್ತಿ ಜನ ನೋಡ್ತಾರೆ?’ ಉತ್ತರಕ್ಕೆ ಬರವಿಲ್ಲ. ಈ ವಾರ ಈ ಗಂಟೆ ಒಳ್ಳೆಯದು, ಆ ವಾರ ಆ ಗಂಟೆ ಬೇಡ ಎಂದು ಹೇಳುವ ಪಟ್ಟಿಗಳು ವರ್ಷವರ್ಷವೂ ಹೊಸದಾಗಿ ಬರುತ್ತವೆ. ಬಫರ್, ಹೂಟ್‌ಸೂಟ್, ಸ್ಪ್ರೌಟ್ ಸೋಶಿಯಲ್‌ನಂಥ ಕಂಪನಿಗಳು ತಮ್ಮ ಸಾಫ್ಟ್‌ವೇರ್ ಬಳಸುವ ಗ್ರಾಹಕರ ಖಾತೆಗಳ ಲೆಕ್ಕವನ್ನು ಒಟ್ಟುಗೂಡಿಸಿ ಇವನ್ನು ಪ್ರಕಟಿಸುತ್ತವೆ. ಲೆಕ್ಕದಲ್ಲಿ ಮೋಸವೇನೂ ಇಲ್ಲ. ಆದರೆ ಊರೂರಿನ, ದೇಶದೇಶದ ಖಾತೆಗಳ ಸರಾಸರಿ ಹಿಡಿದು ಮದ್ದೂರು ತಾಲ್ಲೂಕಿನ ಕೊಪ್ಪದ ಒಂದು ಆಲೆಮನೆ ತನ್ನ ಪೋಸ್ಟಿನ ಗಳಿಗೆ ನಿರ್ಧರಿಸಿದರೆ, ಕಾಶಿಯ ಪಂಚಾಂಗ ನೋಡಿ ಕೊಪ್ಪದ ಸೂರ್ಯೋದಯ ಹೇಳಿದ ಹಾಗೆ ಆಗುತ್ತದೆ.

ಕೊಪ್ಪವನ್ನೇ ಉದಾಹರಣೆಗೆ ಹಿಡಿಯಲು ಕಾರಣವಿದೆ. ಇಲ್ಲಿ ಹೊಲಕ್ಕೆ ಇಳಿದರೆ ಕಬ್ಬು. ಎನ್‌ಎಸ್‌ಎಲ್ ಸಕ್ಕರೆ ಕಾರ್ಖಾನೆ ಇಲ್ಲಿದೆ. ಮಂಡ್ಯದ ಬೆಲ್ಲವನ್ನು ಕೇಂದ್ರ ಸರ್ಕಾರ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಲ್ಲಿ ಜಿಲ್ಲೆಯ ಉತ್ಪನ್ನವಾಗಿ ಗುರುತಿಸಿದ ಮೇಲೆ, ಆಲೆಮನೆ ನಡೆಸುವವರ ಮನೆಯ ಹುಡುಗರು ಪಾಕ ಇಳಿಸುವ ವಿಡಿಯೊ ಮಾಡಿ, ಒಂದು ಹೆಸರು, ಒಂದು ಲೇಬಲ್ ಇಟ್ಟುಕೊಂಡು ನೇರವಾಗಿ ಮಾರಲು ನೋಡುವುದು ಸಹಜ. ಅಂಥ ಒಂದು ಸಣ್ಣ ಬೆಲ್ಲದ ಬ್ರ್ಯಾಂಡನ್ನು ಊಹಿಸಿಕೊಳ್ಳಿ. (ಪೋಸ್ಟಿಗೆ ಲೊಕೇಶನ್ ಹಾಕುವಾಗ ಮಾತ್ರ ಎಚ್ಚರ. ಚಿಕ್ಕಮಗಳೂರಿನಲ್ಲಿ ಒಂದು ಕೊಪ್ಪ ಇದೆ, ಕುಶಾಲನಗರದ ಪಕ್ಕದಲ್ಲಿ ಇನ್ನೊಂದು. ‘ಕೊಪ್ಪ, ಮದ್ದೂರು’ ಎಂದೇ ಬರೆಯಿರಿ. ಇಲ್ಲದಿದ್ದರೆ ಕಬ್ಬಿನ ಬೆಲ್ಲ ಕಾಫಿ ತೋಟದ ಲೆಕ್ಕಕ್ಕೆ ಹೋಗುತ್ತದೆ.)

ಯಾರ ಗಡಿಯಾರ?

ಆಲೆಮನೆಯ ದಿನ ಬೆಳಕು ಹರಿಯುವ ಮೊದಲೇ ಶುರು. ಗಾಣಕ್ಕೆ ಕಬ್ಬು ಕೊಟ್ಟು, ಹಾಲು ಕೊಪ್ಪರಿಗೆಗೆ ಬಿದ್ದು, ಒಣಗಿದ ಸಿಪ್ಪೆಯ ಉರಿಯಲ್ಲಿ ಕುದ್ದು, ನೊರೆ ತೆಗೆದು, ಪಾಕ ಹದಕ್ಕೆ ಬಂದು, ದೊಡ್ಡ ಮರದ ತೊಟ್ಟಿಗೆ ಸುರಿದು, ಕಲಸಿ, ಅಚ್ಚಿಗೆ ತುಂಬುವವರೆಗೆ ಯಾರ ಕೈಯೂ ಖಾಲಿ ಇರುವುದಿಲ್ಲ. ವಿಡಿಯೊಗೆ ಚೆಂದ ಕಾಣುವುದು ಕೊಪ್ಪರಿಗೆ ಬಗ್ಗಿಸಿ ಪಾಕ ಸುರಿಯುವ ಆ ಅರ್ಧ ನಿಮಿಷ. ಮೊಬೈಲ್ ಹಿಡಿದವನು ಅದನ್ನು ಸೆರೆಹಿಡಿದು, ಅದೇ ಉತ್ಸಾಹದಲ್ಲಿ ಅಲ್ಲೇ ನಿಂತು ಪೋಸ್ಟ್ ಮಾಡುತ್ತಾನೆ. ಆಗ ಗಂಟೆ ಹನ್ನೊಂದೂವರೆಯೋ ಹನ್ನೆರಡೋ. ಬೆಂಗಳೂರಿನಲ್ಲಿ ಆ ಬೆಲ್ಲ ಕೊಳ್ಳಬೇಕಾದಾಕೆ ಆಫೀಸಿನ ಮೀಟಿಂಗಿನಲ್ಲಿ ಕೂತಿರುತ್ತಾಳೆ.

ಚಿತ್ರ ತೆಗೆಯುವ ಹೊತ್ತು ಬೇರೆ, ಪ್ರಕಟಿಸುವ ಹೊತ್ತು ಬೇರೆ. ಇಷ್ಟು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ತೆಗೆಯುವುದು ನಿಮ್ಮ ಗಡಿಯಾರದ ಪ್ರಕಾರ. ಹಾಕುವುದು ಕೊಳ್ಳುವವರ ಗಡಿಯಾರದ ಪ್ರಕಾರ.

ಕೊಳ್ಳುವವರು ಯಾರು ಎಂಬುದಕ್ಕೆ ಕೊಪ್ಪದಂಥ ಊರಿನಲ್ಲಿ ಒಂದೇ ಉತ್ತರ ಇರುವುದಿಲ್ಲ. ಪಶು ಆಹಾರ ಮಾರುವವರ ಗಿರಾಕಿ ಊರಿನವರೇ. ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದು, ಸಂಜೆ ಮತ್ತೆ ಕರೆದು ಹಾಕುವ ಮನೆಯವರು. ಅವರ ಮೊಬೈಲು ಕೈಗೆ ಬರುವುದು ಬೆಳಗಿನ ಹಾಲು ಹಾಕಿ ತಿಂಡಿಗೆ ಕೂತಾಗ, ಮಧ್ಯಾಹ್ನ ಊಟವಾದ ಮೇಲೆ, ಮತ್ತೆ ರಾತ್ರಿ ಎಂಟರ ಮೇಲೆ. ‘ಸಂಜೆ ಆರು ಗಂಟೆ ಚಿನ್ನದಂಥ ಸಮಯ’ ಎಂದು ನಗರದ ಸಲಹೆಗಾರ ಹೇಳಿದರೆ, ಆ ಹೊತ್ತಿಗೆ ಇಲ್ಲಿನ ಅಕ್ಕಂದಿರು ಹಾಲಿನ ಕ್ಯಾನು ಹಿಡಿದು ಡೇರಿಯ ಮುಂದೆ ನಿಂತಿರುತ್ತಾರೆ. ಟ್ರ್ಯಾಕ್ಟರ್ ಟೈರು, ಬಿಡಿಭಾಗ ಮಾರುವವರ ಲೆಕ್ಕ ಇನ್ನೂ ಬೇರೆ. ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ಗೇಟಿನ ಮುಂದೆ ಲೋಡು ಹೊತ್ತು ಸಾಲುಗಟ್ಟಿ ನಿಂತ ಗಾಡಿಗಳ ಚಾಲಕರಿಗೆ ಸರದಿ ಬರುವವರೆಗೆ ಮೊಬೈಲೇ ಜೊತೆಗಾರ. ರಾತ್ರಿ ಹನ್ನೊಂದು ಗಂಟೆಯ ಪೋಸ್ಟನ್ನು ಪೂರ್ತಿ ನೋಡುವ ಪುಣ್ಯಾತ್ಮರು ಅವರು. ಯಾವ ಪಟ್ಟಿಯಲ್ಲೂ ಅವರ ಹೊತ್ತು ಬರುವುದಿಲ್ಲ.

ಅಚ್ಚು ಬೆಲ್ಲವನ್ನು ಪ್ಯಾಕೆಟ್ಟಿನಲ್ಲಿ ಹೆಚ್ಚು ದರಕ್ಕೆ ಕೊಳ್ಳುವವರು ಮಾತ್ರ ಕೊಪ್ಪದಲ್ಲಿ ಸಿಗುವುದು ಕಡಿಮೆ. ಇಲ್ಲಿಯವರಿಗೆ ಬೆಲ್ಲ ಪಕ್ಕದ ಆಲೆಮನೆಯಲ್ಲೇ ಸಿಗುತ್ತದೆ. ಆ ಗಿರಾಕಿ ಇರುವುದು ಬೆಂಗಳೂರು, ಮೈಸೂರಿನ ಮನೆಗಳಲ್ಲಿ, ಅದರಲ್ಲೂ ಮಂಡ್ಯ ಕಡೆಯಿಂದ ಹೋಗಿ ನೆಲೆಸಿದ ಮನೆಗಳಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ಊರಿಗೆ ಮರಳಿದ ಮಧು ಚಂದನ್ 2015ರಲ್ಲಿ ‘ಆರ್ಗ್ಯಾನಿಕ್ ಮಂಡ್ಯ’ ಕಟ್ಟಿದಾಗ ಮಳಿಗೆ ತೆರೆದದ್ದು ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ. ಗಿರಾಕಿ ಹಾದುಹೋಗುವ ದಾರಿಯಲ್ಲಿ ಅಂಗಡಿ ಇಡುವುದು ಹಳೆಯ ವ್ಯಾಪಾರ ಬುದ್ಧಿ. ಸಾಮಾಜಿಕ ಜಾಲತಾಣದಲ್ಲಿ ಆ ದಾರಿಯ ಜಾಗದಲ್ಲಿ ಹೊತ್ತು ಇದೆ.

ಬೆಂಗಳೂರಿನ ಮನೆಯೊಂದರಲ್ಲಿ ದಿನಸಿಯ ಯೋಚನೆ ಬರುವುದು ಯಾವಾಗ? ಆಫೀಸಿಗೆ ಹೋಗುವ ಮೆಟ್ರೊದಲ್ಲಿ, ರಾತ್ರಿ ಊಟ ಮುಗಿದು ಮಕ್ಕಳು ಮಲಗಿದ ಮೇಲೆ, ಭಾನುವಾರ ಮಧ್ಯಾಹ್ನ. ತಿಂಗಳಲ್ಲಿ ನೋಡಿದರೆ ಸಂಬಳವಾದ ಮೊದಲ ವಾರ. ತಿಂಗಳ 25ನೇ ತಾರೀಕಿಗೆ ಎಷ್ಟೇ ಒಳ್ಳೆಯ ಹೊತ್ತಿನಲ್ಲಿ ಹಾಕಿದರೂ ‘ಸೇವ್’ ಮಾಡಿಟ್ಟುಕೊಳ್ಳುತ್ತಾರೆ, ದುಡ್ಡು ಕಳಿಸುವುದಿಲ್ಲ. ಇನ್ನು ಹೊರದೇಶದಲ್ಲಿರುವವರು. ಜನವರಿಯಲ್ಲಿ ನ್ಯೂಯಾರ್ಕಿಗೂ ನಮಗೂ ಹತ್ತೂವರೆ ಗಂಟೆಯ ಅಂತರ. ಅಲ್ಲಿ ಶನಿವಾರ ರಾತ್ರಿ ಎಂಟು ಎಂದರೆ ನಮಗೆ ಭಾನುವಾರ ಬೆಳಗಿನ ಆರೂವರೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದರಿಂದ ಅಂತರ ಒಂಬತ್ತೂವರೆ. ಅಲ್ಲಿಂದ ಆರ್ಡರ್ ಮಾಡಿ ಬೆಂಗಳೂರಿನ ತಾಯಿಯ ಮನೆಗೆ ತಲುಪಿಸುವಂಥ ಗಿರಾಕಿಗಳಿದ್ದರೆ ಭಾನುವಾರದ ಬೆಳಗಿನ ಪೋಸ್ಟು ಅವರಿಗೂ ಸಲ್ಲುತ್ತದೆ, ಇಲ್ಲಿ ಬೇಗ ಏಳುವವರಿಗೂ ಸಲ್ಲುತ್ತದೆ.

ಮದ್ದೂರು ವಡೆ ಮಾರುವವರನ್ನು ನೋಡಿದರೆ ಹೊತ್ತಿನ ಮಹತ್ವ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಆ ಹೊಸ ರಸ್ತೆ ಬರುವ ಮೊದಲು ಗಾಡಿಗಳು ಮದ್ದೂರಿನ ಪೇಟೆಯೊಳಗೇ ಹಾದುಹೋಗುತ್ತಿದ್ದವು. ಹಸಿವಾದವನು ಬೋರ್ಡು ಕಂಡು ನಿಲ್ಲಿಸುತ್ತಿದ್ದ. ಈಗ ಮುಖ್ಯ ರಸ್ತೆ ಪೇಟೆಯೊಳಗೆ ಇಳಿಯುವುದಿಲ್ಲ. ವಡೆ ತಿನ್ನಬೇಕೆನಿಸಿದವನು ಎಲ್ಲಿ ಇಳಿಯಬೇಕೆಂದು ಮೊದಲೇ ತೀರ್ಮಾನಿಸಿರಬೇಕು. ಹಾಗಾದರೆ ಹೋಟೆಲಿನ ಪೋಸ್ಟ್ ಅವನಿಗೆ ಮುಟ್ಟಬೇಕಾದದ್ದು ಶನಿವಾರ ಹತ್ತು ಗಂಟೆಗಲ್ಲ, ಆಗ ಅವನು ಸ್ಟೀರಿಂಗ್ ಹಿಡಿದಿರುತ್ತಾನೆ. ಶುಕ್ರವಾರ ರಾತ್ರಿ ಬ್ಯಾಗು ತುಂಬುವಾಗ, ಅಥವಾ ಶನಿವಾರ ಬೆಳಗ್ಗೆ ಆರಕ್ಕೆ ಹೊರಡುವ ಮುನ್ನ ಮುಟ್ಟಬೇಕು. ಜೊತೆಗೆ ಎಲ್ಲಿ ಹೆದ್ದಾರಿಯಿಂದ ಇಳಿಯಬೇಕು ಎಂಬ ಮ್ಯಾಪು. ತೀರ್ಮಾನ ಮಾಡುವ ಗಳಿಗೆಗಿಂತ ಸ್ವಲ್ಪ ಮುಂಚೆ ಕಣ್ಣಿಗೆ ಬೀಳುವುದು: ‘ಒಳ್ಳೆಯ ಸಮಯ’ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಥ ನನಗೆ ಗೊತ್ತಿಲ್ಲ.

ಒಳಗೆ ನಡೆಯುವುದು ಏನು?

ಮೊದಲೆಲ್ಲ ಇನ್‌ಸ್ಟಾಗ್ರಾಂನಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ. ಹೊತ್ತು ಹಿಡಿದು ಹಾಕಿದವನು ಗೆದ್ದ. 2016ರಲ್ಲಿ ಆ ಪದ್ಧತಿ ಹೋಗಿ, ಯಾರಿಗೆ ಯಾವುದು ಇಷ್ಟವಾಗಬಹುದು ಎಂದು ಲೆಕ್ಕ ಹಾಕಿ ಜೋಡಿಸುವ ಕ್ರಮ ಬಂತು. ಬರೀ ತಾವು ಫಾಲೋ ಮಾಡುವವರದ್ದನ್ನು ಕಾಲಕ್ರಮದಲ್ಲಿ ನೋಡುವ ಆಯ್ಕೆಯನ್ನು 2022ರಲ್ಲಿ ಮತ್ತೆ ಕೊಟ್ಟರು. ಆದರೂ ಆ್ಯಪ್ ತೆರೆದೊಡನೆ ಕಾಣುವುದು ಲೆಕ್ಕಾಚಾರದ ಪುಟವೇ.

ಲೆಕ್ಕಾಚಾರ ಸ್ಥೂಲವಾಗಿ ಹೀಗಿದೆ. ನೀವು ಹಾಕಿದ ರೀಲ್ ಎಲ್ಲ ಫಾಲೋವರ್‌ಗಳಿಗೂ ಒಟ್ಟಿಗೆ ಹೋಗುವುದಿಲ್ಲ. ಮೊದಲು ಒಂದಷ್ಟು ಮಂದಿಗೆ ತೋರಿಸುತ್ತಾರೆ. ಅವರು ಪೂರ್ತಿ ನೋಡಿದರೋ, ಎರಡು ಸೆಕೆಂಡಿಗೆ ಬೆರಳಾಡಿಸಿ ಮುಂದೆ ಹೋದರೋ, ಲೈಕ್ ಒತ್ತಿದರೋ, ಗೆಳತಿಗೆ ಕಳಿಸಿದರೋ ಎಂದು ಗಮನಿಸುತ್ತಾರೆ. ಚೆನ್ನಾಗಿದ್ದರೆ ಇನ್ನಷ್ಟು ಮಂದಿಗೆ, ಆಮೇಲೆ ನಿಮ್ಮನ್ನು ಫಾಲೋ ಮಾಡದವರಿಗೂ ಹೋಗುತ್ತದೆ. ಎಷ್ಟು ಹೊತ್ತು ನೋಡುತ್ತಾರೆ, ಎಷ್ಟು ಮಂದಿ ಇನ್ನೊಬ್ಬರಿಗೆ ಕಳಿಸುತ್ತಾರೆ ಎಂಬುದಕ್ಕೆ ತೂಕ ಹೆಚ್ಚು ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸೇರಿ ಹೇಳುತ್ತಲೇ ಬಂದಿದ್ದಾರೆ. ಪೋಸ್ಟ್ ಎಷ್ಟು ಹೊಸದು ಎಂಬುದೂ ಒಂದು ಅಂಶ, ಆದರೆ ಹಲವುಗಳಲ್ಲಿ ಒಂದು.

ಹೊತ್ತು ಇಲ್ಲಿ ಕೆಲಸ ಮಾಡುವುದು ಆರಂಭದಲ್ಲಿ. ನಿಮ್ಮವರು ಎಚ್ಚರವಾಗಿ, ಬಿಡುವಾಗಿ, ಮೊಬೈಲ್ ಹಿಡಿದು ಕೂತಿರುವಾಗ ಹಾಕಿದರೆ ಮೊದಲ ಪ್ರತಿಕ್ರಿಯೆ ಬೇಗ ಬರುತ್ತದೆ. ಅದಕ್ಕೇ ಜನ ಹೆಚ್ಚಿರುವ ಗಂಟೆಗಿಂತ ಅರ್ಧ ಗಂಟೆ, ಮುಕ್ಕಾಲು ಗಂಟೆ ಮುಂಚೆ ಹಾಕುವ ವಾಡಿಕೆ. ರೀಲೇ ಸಪ್ಪೆಯಾಗಿದ್ದರೆ ಬ್ರಾಹ್ಮೀ ಮುಹೂರ್ತದಲ್ಲಿ ಹಾಕಿದರೂ ಏಳುವುದಿಲ್ಲ.

ಎಲ್ಲ ಪೋಸ್ಟಿಗೂ ಹೊತ್ತಿನ ಬೆಲೆ ಒಂದೇ ಅಲ್ಲ. ಆಯುಸ್ಸು ಕಡಿಮೆ ಇದ್ದಷ್ಟೂ ಹೊತ್ತಿನ ಬೆಲೆ ಹೆಚ್ಚು. ವಾಟ್ಸ್‌ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಗೆ ಮಾಯವಾಗುತ್ತವೆ. ರಾತ್ರಿ ಒಂದು ಗಂಟೆಗೆ ಹಾಕಿದ ಸ್ಟೋರಿ ಮರುದಿನ ರಾತ್ರಿಯ ಹೊತ್ತಿಗೆ ಹಳತಾಗಿ ಸಾಲಿನ ಹಿಂದೆ ಬಿದ್ದಿರುತ್ತದೆ. ಎಕ್ಸ್‌ನಲ್ಲಿ ಹಾಕಿದ್ದು ಕೆಲವೇ ಗಂಟೆಗಳಲ್ಲಿ ಹೂತುಹೋಗುತ್ತದೆ. ರೀಲ್ ವಾರಗಟ್ಟಲೆ ಓಡಬಹುದು. ಯೂಟ್ಯೂಬ್ ವಿಡಿಯೊ ವರ್ಷಗಟ್ಟಲೆ ಹುಡುಕಾಟದಲ್ಲಿ ಸಿಗುತ್ತದೆ. ಪ್ರಕಟಿಸುವ ಸಮಯ ವಿಡಿಯೊದ ದೀರ್ಘಕಾಲದ ಓಟದ ಮೇಲೆ ನೇರ ಪರಿಣಾಮ ಬೀರುತ್ತದೆಂದು ಕಂಡುಬಂದಿಲ್ಲ ಎಂದು ಯೂಟ್ಯೂಬೇ ತನ್ನ ಸಹಾಯ ಪುಟದಲ್ಲಿ ಬರೆದುಕೊಂಡಿದೆ. ‘ಕಲಬೆರಕೆ ಬೆಲ್ಲ ಪತ್ತೆ ಮಾಡುವುದು ಹೇಗೆ’ ಎಂಬ ವಿಡಿಯೊ ಮಾಡಿದ್ದರೆ ಗಂಟೆಯ ಚಿಂತೆ ಬಿಟ್ಟು ಶೀರ್ಷಿಕೆಯ ಚಿಂತೆ ಮಾಡಿ. ‘ಇವತ್ತಿನ ಪಾಕದ ಬೆಲ್ಲ 40 ಕೆಜಿ ಇದೆ, ಬೇಕಾದವರು ಹೇಳಿ’ ಎಂಬ ಸ್ಟೇಟಸ್ಸಿಗೆ ಮಾತ್ರ ಗಂಟೆ ನೋಡಲೇಬೇಕು.

ಕೊಪ್ಪದ ಕಡೆಯ ಸಣ್ಣ ವ್ಯಾಪಾರಕ್ಕೆ ನಿಜವಾದ ಅಂಗಡಿ ವಾಟ್ಸ್‌ಆ್ಯಪ್. ಅಲ್ಲಿ ಲೆಕ್ಕಾಚಾರದ ಗೊಡವೆ ಇಲ್ಲ, ಕಳಿಸಿದ್ದು ತಲುಪುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಮೊದಲ ಪಾರ್ಸೆಲ್ಲಿನೊಳಗೇ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಚೀಟಿ ಇಟ್ಟರೆ ಕೆಲಸ ಸುಲಭ. ಬೆಳಗ್ಗೆ ಆರಕ್ಕೆ ಬ್ರಾಡ್‌ಕಾಸ್ಟ್ ಕಳಿಸಿದರೆ ಅದು ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳ ರಾಶಿಯಲ್ಲಿ ಕಾಣೆ. ಹತ್ತೂವರೆ, ಹನ್ನೊಂದರ ನಡುವೆ, ಬೆಳಗಿನ ಗಡಿಬಿಡಿ ಮುಗಿದ ಮೇಲೆ ಹೋದದ್ದನ್ನು ಗೃಹಿಣಿಯರು ತೆರೆದು ಓದುತ್ತಾರೆ.

ನಿಮ್ಮ ಖಾತೆಯೇ ಹೇಳುತ್ತದೆ

ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೊಫೆಷನಲ್ ಖಾತೆಯಾಗಿ ಬದಲಿಸಿಕೊಳ್ಳಿ, ಖರ್ಚಿಲ್ಲ. ಪ್ರೊಫೆಷನಲ್ ಡ್ಯಾಶ್‌ಬೋರ್ಡ್ ಒಳಗೆ ಹೋಗಿ ಫಾಲೋವರ್‌ಗಳ ಪುಟದಲ್ಲಿ ಕೆಳಗಿನವರೆಗೆ ಸರಿಸಿದರೆ, ಅವರು ಹೆಚ್ಚು ಸಕ್ರಿಯವಾಗಿರುವ ಹೊತ್ತಿನ ಕಂಬಗಳು ಕಾಣುತ್ತವೆ. ವಾರದ ಒಂದೊಂದು ದಿನವನ್ನೂ ಒತ್ತಿ ನೋಡಬಹುದು; ದಿನವನ್ನು ಮೂರು ಮೂರು ಗಂಟೆಯ ತುಂಡು ಮಾಡಿರುತ್ತಾರೆ. ಅದೇ ಪುಟದಲ್ಲಿ ಫಾಲೋವರ್‌ಗಳು ಯಾವ ಊರಿನವರು ಎಂಬ ಪಟ್ಟಿಯೂ ಇದೆ. ಮೊದಲು ಅದನ್ನು ನೋಡಿ. ಬೆಂಗಳೂರಿಗೆ ಬೆಲ್ಲ ಮಾರಬೇಕೆಂದು ಹೊರಟವರ ಪಟ್ಟಿಯಲ್ಲಿ ಮದ್ದೂರು, ಮಂಡ್ಯ, ಮಳವಳ್ಳಿಯೇ ತುಂಬಿದ್ದರೆ ನಿಮ್ಮನ್ನು ನೋಡುತ್ತಿರುವುದು ನೆಂಟರು ಮತ್ತು ಗೆಳೆಯರು. ಅವರ ಲೈಕಿನ ಹೊತ್ತು ಹಿಡಿದು ವೇಳಾಪಟ್ಟಿ ಮಾಡಿದರೆ ಬೆಲ್ಲ ಗೋಡೌನಿನಲ್ಲೇ ಕರಗುತ್ತದೆ. ಫೇಸ್‌ಬುಕ್ ಪೇಜಿಗೆ ಮೆಟಾ ಬಿಸಿನೆಸ್ ಸೂಟ್ ಇದೆ. ಯೂಟ್ಯೂಬ್ ಸ್ಟುಡಿಯೊದ ಆಡಿಯೆನ್ಸ್ ಪುಟದಲ್ಲಿ ಕಳೆದ 28 ದಿನಗಳಲ್ಲಿ ನಿಮ್ಮ ವೀಕ್ಷಕರು ಯೂಟ್ಯೂಬ್‌ನಲ್ಲಿದ್ದ ಗಂಟೆಗಳನ್ನು ನೇರಳೆ ಬಣ್ಣದಲ್ಲಿ ತೋರಿಸುತ್ತಾರೆ. ಬಣ್ಣ ಗಾಢವಾದಷ್ಟೂ ಜನ ಹೆಚ್ಚು.

ಈ ಕಂಬಗಳು ಹೇಳುವುದು ಜನ ಯಾವಾಗ ಆ್ಯಪಿನಲ್ಲಿರುತ್ತಾರೆ ಎಂಬುದನ್ನು ಮಾತ್ರ. ರಾತ್ರಿ ಒಂಬತ್ತರ ಕಂಬ ಎತ್ತರವಾಗಿದೆ ಎಂದು ನೀವು ಹೋದರೆ ಎಲ್ಲ ಬ್ರ್ಯಾಂಡುಗಳೂ ಅಲ್ಲೇ ಇರುತ್ತವೆ. ಐಪಿಎಲ್ ಕಾಲದಲ್ಲಿ ಏಳೂವರೆಗೆ ಆರ್‌ಸಿಬಿ ಪಂದ್ಯ ಶುರುವಾದರೆ ಆ ರಾತ್ರಿ ಬೆಲ್ಲದ ಮಾತು ಯಾರಿಗೆ ಬೇಕು? ಸ್ವಲ್ಪ ಗಿಡ್ಡ ಕಂಬದ ಹೊತ್ತಿನಲ್ಲಿ ಗದ್ದಲ ಕಡಿಮೆ ಇದ್ದು ನಿಮ್ಮ ಮಾತು ಕೇಳಿಸಲೂಬಹುದು. ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ.

ಪರೀಕ್ಷೆ ಸರಳವಾಗಿರಲಿ. ಎರಡೇ ಹೊತ್ತು ಆರಿಸಿಕೊಳ್ಳಿ, ಬೆಳಗ್ಗೆ ಏಳೂಮುಕ್ಕಾಲು ಮತ್ತು ರಾತ್ರಿ ಎಂಟೂವರೆ ಎಂದುಕೊಳ್ಳೋಣ. ಒಂದು ತಿಂಗಳು ಒಂದೇ ಬಗೆಯ ರೀಲುಗಳನ್ನು ಎರಡೂ ಹೊತ್ತಿಗೆ ಹಂಚಿ ಹಾಕಿ. ಬೆಳಗ್ಗೆಯೆಲ್ಲ ಪಾಕದ ವಿಡಿಯೊ, ರಾತ್ರಿಯೆಲ್ಲ ಬೆಲೆಪಟ್ಟಿಯ ಚಿತ್ರ ಹಾಕಿ ‘ಬೆಳಗ್ಗೆಯೇ ಒಳ್ಳೆಯದು’ ಎಂದರೆ ಗೆದ್ದದ್ದು ಪಾಕ, ಬೆಳಗ್ಗೆಯಲ್ಲ. ಪ್ರತಿ ಪೋಸ್ಟಿಗೂ 24 ಗಂಟೆಯಾದ ಮೇಲೆ ಎಷ್ಟು ಜನಕ್ಕೆ ತಲುಪಿತು, ಎಷ್ಟು ಮಂದಿ ವಿಚಾರಿಸಿದರು, ಎಷ್ಟು ಆರ್ಡರ್ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಲೆಕ್ಕ ಹಾಕುವಾಗ ಸರಾಸರಿಯನ್ನು ನಂಬಬೇಡಿ. ಒಂದು ಹೊತ್ತಿನ ಐದು ರೀಲುಗಳು 310, 340, 365, 420 ಮತ್ತು 9,800 ಮಂದಿಗೆ ತಲುಪಿದವು ಎಂದುಕೊಳ್ಳಿ. ಸರಾಸರಿ 2,247. ನೋಡಿದರೆ ಅದ್ಭುತ! ಆದರೆ ಐದರಲ್ಲಿ ನಾಲ್ಕು ಐನೂರನ್ನೂ ಮುಟ್ಟಿಲ್ಲ. ಒಂದೇ ಒಂದು ರೀಲ್ ಏನೋ ಕಾರಣಕ್ಕೆ ಓಡಿದೆ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ 365. ಇನ್ನೊಂದು ಹೊತ್ತಿನ ನಡುವಿನ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡಕ್ಕೂ ಅಂಥ ವ್ಯತ್ಯಾಸ ಕಾಣದಿದ್ದರೆ ನಿಮಗೆ ಅನುಕೂಲವಾದ ಹೊತ್ತನ್ನೇ ಇಟ್ಟುಕೊಳ್ಳಿ. ಬಹಳಷ್ಟು ಸಣ್ಣ ಖಾತೆಗಳಿಗೆ ಬರುವ ಫಲಿತಾಂಶ ಇದೇ.

ಅನುಕೂಲ ಎಂದದ್ದಕ್ಕೆ ಕಾರಣವಿದೆ. ಪೋಸ್ಟ್ ಹಾಕಿದ ಮುಂದಿನ ಒಂದು ಗಂಟೆ ಯಾರಾದರೂ ಮೊಬೈಲ್ ಹಿಡಿದು ಕೂತಿರಬೇಕು. ‘ಅಣ್ಣಾ, ಕೆಜಿ ಎಷ್ಟು? ಬೆಂಗ್ಳೂರಿಗೆ ಕಳಿಸ್ತೀರಾ?’ ಎಂಬ ಕಾಮೆಂಟು ಬರುತ್ತದೆ. ಉತ್ತರ ಹತ್ತು ನಿಮಿಷದಲ್ಲಿ ಹೋದರೆ ಆರ್ಡರು. ಪಾಕ ಇಳಿಸಿ, ಕೈತೊಳೆದು, ಊಟ ಮಾಡಿ ಮೂರು ಗಂಟೆಯ ನಂತರ ಹೋದರೆ ಅವರು ಬೇರೆಲ್ಲೋ ಕೊಂಡಾಗಿರುತ್ತದೆ. ‘ಡಿಎಂ ಮಾಡಿ’ ಎಂದು ಬೆಲೆ ಮುಚ್ಚಿಡುವ ಚಾಳಿ ಬೇರೆ. ಬೆಲೆ ಪೋಸ್ಟಿನಲ್ಲೇ ಬರೆದರೆ ಅರ್ಧದಷ್ಟು ಕಾಮೆಂಟಿಗೆ ಉತ್ತರಿಸುವ ಕೆಲಸವೇ ತಪ್ಪುತ್ತದೆ. ಮನೆಯಲ್ಲಿ ಉತ್ತರಿಸಲು ಬಿಡುವಾಗುವವರು ಮಧ್ಯಾಹ್ನ ಎರಡಕ್ಕೆ ಬಿಡುವಾಗುವುದಾದರೆ, ನಿಮ್ಮ ಬ್ರ್ಯಾಂಡಿಗೆ ಎರಡೇ ಒಳ್ಳೆಯ ಹೊತ್ತು, ಕಂಬ ಏನೇ ಹೇಳಲಿ.

ಗಂಟೆಗಿಂತ ದೊಡ್ಡದು ತಾರೀಕು

ಬ್ರ್ಯಾಂಡುಗಳು ಗಂಟೆಯಲ್ಲಿ ಎಡವುವುದಕ್ಕಿಂತ ತಾರೀಕಿನಲ್ಲಿ ಎಡವುವುದು ಹೆಚ್ಚು. ಅದಕ್ಕೆ ಮದ್ದೂರು ತಾಲ್ಲೂಕಿನಲ್ಲೇ ಬೇರು ಇರುವ ಪ್ರಸಂಗವೊಂದಿದೆ. 2022ರ ಡಿಸೆಂಬರ್ 30ರಂದು ಗೆಜ್ಜಲಗೆರೆಯಲ್ಲಿ ಮಂಡ್ಯ ಹಾಲು ಒಕ್ಕೂಟದ ಮೆಗಾ ಡೇರಿಯನ್ನು ಉದ್ಘಾಟಿಸಿದ ಕೇಂದ್ರ ಸಚಿವ ಅಮಿತ್ ಶಾ, ಅಮುಲ್ ಮತ್ತು ನಂದಿನಿ ಕೂಡಿ ಕೆಲಸ ಮಾಡಬೇಕು ಎಂಬರ್ಥದ ಮಾತಾಡಿದರು. ನಂದಿನಿಯನ್ನು ಅಮುಲ್ ನುಂಗಿಬಿಡುತ್ತದೆಯೇ ಎಂಬ ಅನುಮಾನ ಅಂದೇ ಹುಟ್ಟಿತು. ಮೂರು ತಿಂಗಳ ನಂತರ, ಮಾರ್ಚ್ 29ರಂದು ವಿಧಾನಸಭಾ ಚುನಾವಣೆ ಘೋಷಣೆಯಾಯಿತು. ಮತದಾನ ಮೇ 10ಕ್ಕೆ. ಆ ಬೇಸಿಗೆಯಲ್ಲಿ ನಂದಿನಿ ಹಾಲಿನ ಪೂರೈಕೆಯೂ ಬಿಗಿಯಾಗಿತ್ತು. ಏಪ್ರಿಲ್ 5ರಂದು ಅಮುಲ್ ಟ್ವಿಟರ್‌ನಲ್ಲಿ ಒಂದು ಸಣ್ಣ ಜಾಹೀರಾತು ಹಾಕಿತು: ಬೆಂಗಳೂರಿಗೆ ತನ್ನ ತಾಜಾ ಹಾಲು, ಮೊಸರು ಬರಲಿವೆ ಎಂದು.

ಬೇರೆ ಊರಿನಲ್ಲಾಗಿದ್ದರೆ, ಬೇರೆ ತಿಂಗಳಲ್ಲಾಗಿದ್ದರೆ ಅದು ಯಾರ ಗಮನಕ್ಕೂ ಬಾರದ ಪೋಸ್ಟು. ಇಲ್ಲಿ ‘ನಂದಿನಿ ಉಳಿಸಿ’, ‘ಅಮುಲ್ ವಾಪಸ್ ಹೋಗು’ ಎಂಬ ಹ್ಯಾಷ್‌ಟ್ಯಾಗುಗಳು ಹರಿದಾಡಿದವು. ವಿರೋಧ ಪಕ್ಷಗಳು ಚುನಾವಣಾ ವಿಷಯ ಮಾಡಿಕೊಂಡವು. ಬೃಹತ್ ಬೆಂಗಳೂರು ಹೋಟೆಲುಗಳ ಸಂಘ ನಂದಿನಿಯನ್ನೇ ಬಳಸುತ್ತೇವೆಂದು ಹೇಳಿಕೆ ಕೊಟ್ಟಿತು. ಅಮುಲ್‌ನ ಜಾಹೀರಾತು ವಿಭಾಗ ದೇಶದಲ್ಲೇ ಸಮಯಪ್ರಜ್ಞೆಗೆ ಹೆಸರಾದದ್ದು. ದಿನದ ಸುದ್ದಿಗೆ ಸರಿಯಾಗಿ ವ್ಯಂಗ್ಯಚಿತ್ರ ಹಾಕುವುದು ಅವರ ಹಳೆಯ ರೂಢಿ. ಅಂಥವರಿಗೂ ಕರ್ನಾಟಕದ ಆ ತಿಂಗಳು ಎಂಥದ್ದು ಎಂಬ ಅಂದಾಜು ತಪ್ಪಿತು. ಯಾವ ಸಾಫ್ಟ್‌ವೇರಿನ ಕಂಬವೂ ಅದನ್ನು ತೋರಿಸುವುದಿಲ್ಲ. ಹಳ್ಳಿಯ ಡೇರಿಯ ಮುಂದೆ ನಿಂತು ಮಾತು ಕೇಳಿದವರಿಗೆ ಗೊತ್ತಿರುತ್ತಿತ್ತು.

ಮುಂಗಡವಾಗಿ ಶೆಡ್ಯೂಲ್ ಮಾಡಿಡುವವರಿಗೆ ಇದೇ ಅಪಾಯ ಇನ್ನೊಂದು ಬಗೆಯಲ್ಲಿ ಕಾದಿರುತ್ತದೆ. ಇನ್‌ಸ್ಟಾಗ್ರಾಂನಲ್ಲಿ 75 ದಿನ ಮುಂದಿನವರೆಗೂ ಪೋಸ್ಟ್ ಹೊಂದಿಸಿಡಬಹುದು. ಅನುಕೂಲವೇ, ಆಲೆಮನೆ ಕೆಲಸದ ನಡುವೆ ದಿನವೂ ನೆನಪಿಟ್ಟು ಹಾಕುವುದು ಆಗದ ಮಾತು. ಆದರೆ 2018ರ ನವೆಂಬರ್ 24ನ್ನು ಮಂಡ್ಯದವರು ಮರೆಯುವಂತಿಲ್ಲ. ಅಂದು ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಮಂದಿ ತೀರಿಕೊಂಡರು. ರಾತ್ರಿ ನಟ ಅಂಬರೀಶ್ ತೀರಿಕೊಂಡರು. ಅಂಥ ಶನಿವಾರ ರಾತ್ರಿ ಎಂಟೂವರೆಗೆ ‘ವೀಕೆಂಡ್ ಧಮಾಕಾ’ ಎಂದು ಕುಣಿಯುವ ರೀಲು ತಾನೇ ತಾನಾಗಿ ಪ್ರಕಟವಾದರೆ ಆ ಅಂಗಡಿಯ ಮುಖವನ್ನು ಜನ ಬೇಗ ಮರೆಯುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿಗಾಗಿ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್ ನಡೆದಾಗಲೂ ಹಾಗೆಯೇ. ಕಾವೇರಿಯ ಮಾತು ಬಂದ ದಿನ ಮಂಡ್ಯದಲ್ಲಿ ವ್ಯಾಪಾರದ ಮಾತು ಹಿಂದೆ ಸರಿಯಬೇಕು. ಶೆಡ್ಯೂಲ್ ಮಾಡುವವರು ಒಂದು ಅಭ್ಯಾಸ ಇಟ್ಟುಕೊಳ್ಳಲಿ: ಪೋಸ್ಟ್ ಹೋಗುವ ಮೊದಲು, ಬೆಳಗ್ಗೆ ಪೇಪರ್ ಓದಿದ ಮೇಲೆ, ಆ ದಿನದ ಪೋಸ್ಟನ್ನು ಒಮ್ಮೆ ತೆರೆದು ನೋಡುವುದು. ತಡೆಯಬೇಕೆನಿಸಿದರೆ ತಡೆಯುವ ಅಧಿಕಾರ ಮನೆಯಲ್ಲಿ ಇಬ್ಬರಿಗಾದರೂ ಇರಲಿ. ಪಾಸ್‌ವರ್ಡ್ ಒಬ್ಬನ ತಲೆಯಲ್ಲಿದ್ದು ಅವನು ಕೆರೆ ಕಡೆ ಹೋಗಿದ್ದರೆ ಏನೂ ಮಾಡಲಾಗದು.

ಇನ್ನು ಜನರ ನಂಬಿಕೆಯ ತಾರೀಕುಗಳು. ಸೋಮವಾರ ಬೆಳಗ್ಗೆ ಏಳೂವರೆಯಿಂದ ಒಂಬತ್ತು ರಾಹುಕಾಲ ಎಂದು ಹೊಸ ಉತ್ಪನ್ನದ ಪೋಸ್ಟ್ ತಡೆದರೆ ನಗುವವರಿದ್ದಾರೆ. ನಾನು ನಗುವುದಿಲ್ಲ. ನಿಮ್ಮ ಗಿರಾಕಿಗಳಲ್ಲಿ ಅದನ್ನು ನೋಡುವವರು ಸಾಕಷ್ಟಿದ್ದು, ಒಂದೂವರೆ ಗಂಟೆ ಕಾದರೆ ನಷ್ಟವೇನೂ ಇಲ್ಲವಾದರೆ ಕಾಯಿರಿ. ಆಷಾಢ, ಪಿತೃಪಕ್ಷದಲ್ಲಿ ಹೊಸ ಅಂಗಡಿ ತೆರೆಯುವ ಸುದ್ದಿ ಹಾಕದಿರುವುದೂ ಹಾಗೆಯೇ. ಆ ದಿನಗಳಲ್ಲಿ ಮಾರುವ ಪೋಸ್ಟ್ ಬಿಟ್ಟು ತೋರಿಸುವ ಪೋಸ್ಟ್ ಹಾಕಬಹುದು: ಗಾಣ, ಗದ್ದೆ, ಕಬ್ಬು ಕಡಿಯುವುದು, ನೊರೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುವುದು.

ಬೆಲ್ಲಕ್ಕೆ ವರ್ಷದಲ್ಲಿ ಬೇಡಿಕೆ ಏಳುವ ದಿನಗಳು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಂಕ್ರಾಂತಿಯ ಎಳ್ಳು–ಬೆಲ್ಲ, ಯುಗಾದಿಯ ಬೇವು–ಬೆಲ್ಲ, ಹಬ್ಬಹಬ್ಬದ ಒಬ್ಬಟ್ಟು. ಎಳನೀರಿನವರಿಗೆ ಮಾರ್ಚ್, ಏಪ್ರಿಲ್. ಮದ್ದೂರಿನ ಎಳನೀರು ಮಾರುಕಟ್ಟೆಯ ಕಡೆಯವರಿಗೆ ಅದು ಗೊತ್ತಿದ್ದದ್ದೇ. ತಿಳಿಯದೇ ಹೋಗುವುದು ಹಬ್ಬದಿಂದ ಹಿಂದಕ್ಕೆ ಎಣಿಸುವುದು. ಪಾರ್ಸೆಲ್ ಕೊಪ್ಪದಿಂದ ಮದ್ದೂರಿಗೆ ಹೋಗಿ, ಅಲ್ಲಿಂದ ಬೆಂಗಳೂರಿನ ಮನೆ ಬಾಗಿಲು ಮುಟ್ಟಲು ಎರಡು ಮೂರು ದಿನ, ಹಬ್ಬದ ನೂಕುನುಗ್ಗಲಿನಲ್ಲಿ ಐದೂ ಆಗಬಹುದು. ಮನೆಯಲ್ಲಿ ಎಳ್ಳು ಬೀರಲು ಸಾಮಾನು ಹೊಂದಿಸಲು ಇನ್ನೆರಡು ದಿನ ಬೇಕು. ನೋಡಿದ ತಕ್ಷಣ ಕೊಳ್ಳುವವರು ಕಡಿಮೆ. ಎರಡು ಮೂರು ಸಲ ಕಣ್ಣಿಗೆ ಬಿದ್ದ ಮೇಲೆ ಹಣ ಕಳಿಸುವವರೇ ಹೆಚ್ಚು. ಹಾಗಾಗಿ ಸಂಕ್ರಾಂತಿಯ ಮೊದಲ ರೀಲ್ ಡಿಸೆಂಬರ್ ಕೊನೆಯ ವಾರದಲ್ಲಿ, ಬೆಲೆ ಮತ್ತು ಕೊನೆಯ ದಿನಾಂಕ ಬರೆದ ಎರಡನೆಯದು ಸಂಬಳದ ಮೊದಲ ವಾರದಲ್ಲಿ, ‘ಇವತ್ತೇ ಕೊನೆ’ ಎಂಬ ಸ್ಟೇಟಸ್ ಜನವರಿ 8ರ ಆಸುಪಾಸು. ಜನವರಿ 12ರ ರಾತ್ರಿ ಎಂಟೂವರೆಗೆ, ಕಂಬ ಎಷ್ಟೇ ಎತ್ತರ ತೋರಿಸಲಿ, ಹಾಕಿದ ಪೋಸ್ಟಿಗೆ ಹಬ್ಬದ ಶುಭಾಶಯ ಬರುತ್ತದೆ, ಆರ್ಡರ್ ಬರುವುದಿಲ್ಲ. ಬಂದರೂ ಪಾರ್ಸೆಲ್ ಮುಟ್ಟುವುದು ಹಬ್ಬ ಕಳೆದ ಮೇಲೆ.